ಎಣ್ಣೆ ಸವರಿದ ರೆಕ್ಕೆಗಳು

ಮಸ್ಕಿ ಬಸ್‌ಸ್ಟ್ಯಾಂಡ್

ವಿದೇಶಕ್ಕೆ ಹೋಗಿಬಂದವರು ವಿಮಾನ ನಿಲ್ದಾಣದಿಂದ ಮಾತು ತೆಗೆಯುತ್ತಾರೆ. ನನ್ನದು ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸಿನಿಂದಲೇ ಶುರುವಾಗಬೇಕು. ಖಾಜಾ ಮಾಮಾ ಲಿಂಗಸುಗೂರಿನಲ್ಲಿ ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಸಿಕೊಂಡು, ಕೇಳಿದವರಿಗೆಲ್ಲ "ಮಂದಿ ಅದಾರ" ಎಂದು ಸುಳ್ಳು ಹೇಳುತ್ತ ಬರುತ್ತಾರೆ. ಆ ಮಂದಿ ಎಂದರೆ ನಾನು. ಮಸ್ಕಿಯಲ್ಲಿ ಹತ್ತಿ ಕೂತರೆ ಮೊದಲು ಮೂಗಿಗೆ ಬಡಿಯುವುದು ಅವರ ತಲೆಯ ಕೊಬ್ಬರಿ ಎಣ್ಣೆ. ಅರವತ್ತು ದಾಟಿದ ತಲೆ, ಹಿಂದಕ್ಕೆ ಬಾಚಿದ ಬಿಳಿ ಕೂದಲು, ನೊಣ ಕೂತರೆ ಜಾರಿ ಬೀಳಬೇಕು.

ಮಾಮಾ ನನ್ನ ಸೋದರಮಾವನಲ್ಲ. ಸಿಂಧನೂರಿನಲ್ಲಿ ಅವರದೊಂದು ವರ್ಕ್‌ಶಾಪು. ರೈಸ್ ಮಿಲ್ಲಿನ ಬಿಡಿಭಾಗ, ಭತ್ತ ಕೊಯ್ಯುವ ಮಷೀನಿನ ಬ್ಲೇಡು, ತುರ್ವಿಹಾಳದ ಯಾರದೋ ಟ್ರ್ಯಾಕ್ಟರಿನ ಮುರಿದ ಪಿನ್ನು, ಎಲ್ಲ ಅಲ್ಲಿಗೆ ಬರುತ್ತವೆ. ಕಂಪ್ಯೂಟರ್ ಹೇಳಿದಂತೆ ಹಾಳೆ ಕೊರೆಯುವ ಮಷೀನೊಂದನ್ನು ಅವರು ತಂದಾಗ, ಅದನ್ನು ನಡೆಸಲು ನಾನು ಸೇರಿಕೊಂಡೆ. ನನಗೆ ಬರುವ ವಿದ್ಯೆ ಎರಡು. ಒಂದು ಆ ಮಷೀನು, ಇನ್ನೊಂದು ಕಂಡವರ ದನಿ ತೆಗೆಯುವುದು. ಕಂಡಕ್ಟರನ ದನಿಯಲ್ಲಿ ಬಸ್ಸು ನಿಲ್ಲಿಸಿ ಕಂಡಕ್ಟರನಿಂದಲೇ ಬೈಸಿಕೊಂಡವನು ನಾನು.

ಮಷೀನಿಗೆ ಕೆಲಸ ಸಾಲದೆ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದಾಗ ಸಿಕ್ಕಿದ್ದು ರಾಕೆಟ್ಟಿನ ಹುಚ್ಚರು. ಇದು ದೀಪಾವಳಿಯ ರಾಕೆಟ್ಟಲ್ಲ. ಆಳೆತ್ತರ ಇರುತ್ತದೆ, ಮಸ್ಕಿಯ ಗುಡ್ಡವನ್ನು ಹತ್ತಾರು ಸಲ ಒಂದರ ಮೇಲೊಂದು ಪೇರಿಸಿದರೂ ಮುಟ್ಟದಷ್ಟು ಮೇಲೆ ಹೋಗಿ, ಪ್ಯಾರಾಚೂಟು ಬಿಚ್ಚಿಕೊಂಡು ಇಳಿಯುತ್ತದೆ. ಅದರ ಬುಡಕ್ಕೆ ಮೂರೋ ನಾಲ್ಕೋ ರೆಕ್ಕೆ. ರೆಕ್ಕೆ ನೆಟ್ಟಗಿದ್ದರೆ ರಾಕೆಟ್ಟು ನೆಟ್ಟಗೆ ಹೋಗುತ್ತದೆ. ಪ್ರತಿಯೊಬ್ಬನಿಗೂ ಅವನ ಲೆಕ್ಕದ ಆಕಾರವೇ ಬೇಕು. ಅವರು ಚಿತ್ರ ಕಳಿಸುತ್ತಿದ್ದರು, ನಾನು ಗಟ್ಟಿ ಫೈಬರ್ ಹಾಳೆಯಲ್ಲಿ ಕೊರೆಯುತ್ತಿದ್ದೆ, ಮಾಮಾ ಅಂಚು ತಿದ್ದುತ್ತಿದ್ದರು. ಹೀಗೆ ಮಿಲ್ಲಿನ ಜರಡಿಯ ಪಕ್ಕದಲ್ಲಿ ರಾಕೆಟ್ಟಿನ ರೆಕ್ಕೆ ಹುಟ್ಟತೊಡಗಿತು.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ. ಮಷೀನಿನಿಂದ ಇಳಿದ ಯಾವ ಸಾಮಾನೂ ಎಣ್ಣೆ ಬಟ್ಟೆ ಕಾಣದೆ ಬಾಗಿಲು ದಾಟುವಂತಿಲ್ಲ. ಕಾಲುವೆ ಸೀಮೆಯ ತೇವಕ್ಕೆ ಕಬ್ಬಿಣ ರಾತ್ರಿ ಕಳೆಯುವುದರಲ್ಲಿ ಕೆಂಪಾಗುತ್ತದೆ. ಆದರೆ ವಿದೇಶಕ್ಕೆ ಹೋಗುವ ಹಾಲುಬಣ್ಣದ ರೆಕ್ಕೆಗೆ ಕರಿ ಎಣ್ಣೆ ಬಳಿಯುವುದು ಮರ್ಯಾದೆಯಲ್ಲವೆಂದು ಮಾಮಾ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ತೆಳುವಾಗಿ ಸವರುತ್ತಿದ್ದರು.

"ಮಾಮಾ, ಫೈಬರ್‌ಗೆ ಜಂಗು ಹಿಡಿಯಂಗಿಲ್ರೀ," ಎಂದಿದ್ದೆ ಒಮ್ಮೆ.

"ಜಂಗಿನ ಮಾತಲ್ಲಲೇ ಶರಣ್ಯಾ. ಕೂಸಿನ ತಲಿಗೆ ಎಣ್ಣಿ ಹಚ್ಚದ ಸಾಲಿಗೆ ಕಳಸ್ತೀವೇನು?"

ಕೊಂಡವರು ಅಂಟಿಸುವ ಮೊದಲು ಹೇಗೂ ಉಜ್ಜಿ ತೊಳೆದುಕೊಳ್ಳುತ್ತಾರೆ, ಎಣ್ಣೆಯಿಂದ ಯಾರಿಗೇನು ನಷ್ಟ ಎಂದುಕೊಂಡು ಬಿಟ್ಟೆ.

ನಮ್ಮ ಹಳೆಯ ಗಿರಾಕಿ ಆಸ್ಟ್ರೇಲಿಯಾದ ಡೆರೆಕ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮುದುಕ. ವಿಡಿಯೋ ಕರೆಯಲ್ಲಿ ಅವನ ಕೈ ನಡುಗುವುದು ಕಾಣುತ್ತಿತ್ತು, ಕರೆ ಮುಗಿದ ಮೇಲೆ ನಾನು ಅದನ್ನೂ ಮಾಡಿ ತೋರಿಸಿ ಚಹಾದಂಗಡಿಯನ್ನು ನಗಿಸುತ್ತಿದ್ದೆ. ತನ್ನ ಊರ ಹತ್ತಿರದ ಬಯಲಿನಲ್ಲಿ ವರ್ಷಕ್ಕೊಮ್ಮೆ ರಾಕೆಟ್ಟಿನವರು ಸೇರುತ್ತಾರೆ, ಬಂದು ಒಂದು ಟೇಬಲ್ ಹಾಕಿ ಮಾರಿರಿ, ನನ್ನ ಮನೆಯಲ್ಲೇ ಉಳಿಯಿರಿ ಎಂದು ಕರೆದವನು ಅವನೇ. ಮಾಮಾ ಅಲ್ಲಿಯವರೆಗೆ ಹೋಗಿದ್ದ ದೂರದ ಊರು ಹೈದರಾಬಾದು.

ಬ್ರಿಸ್ಬೇನ್

ಇಳಿದ ಕೂಡಲೇ ಒಬ್ಬ ಅಧಿಕಾರಿಣಿ ನಮ್ಮ ಚೀಲ ಬಿಚ್ಚಿಸಿದಳು. ಆ ದೇಶದವರು ಬಂದೂಕಿಗಿಂತ ಬೀಜಕ್ಕೆ ಹೆಚ್ಚು ಹೆದರುತ್ತಾರೆ. ಗುರೆಳ್ಳಿನ ಗಂಟನ್ನು ಎರಡು ಬೆರಳಿನಲ್ಲಿ ಎತ್ತಿ, ಸತ್ತ ಇಲಿಯ ಹಾಗೆ ಬುಟ್ಟಿಗೆ ಬಿಟ್ಟಳು. ರೆಕ್ಕೆಗಳನ್ನು ತಿರುವಿ ನೋಡಿ ಇದೇನೆಂದು ಕೇಳಿದಳು. ನಾನು ಆರು ತಿಂಗಳು ತಾಲೀಮು ಮಾಡಿದ ಆಸ್ಟ್ರೇಲಿಯಾದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಇಂಗ್ಲಿಷ್ ಬರುವವರು ಯಾರಾದರೂ ಜೊತೆಗಿದ್ದಾರೆಯೇ?" ಎಂದಳು.

ಆಮೇಲೆ ಮಾಮಾನ ಎಣ್ಣೆ ಸೀಸೆ ಸಿಕ್ಕಿತು. ಜುಲೈ ತಿಂಗಳು ಅವರಿಗೆ ಚಳಿಗಾಲ. ವಿಮಾನದ ಹೊಟ್ಟೆಯಲ್ಲಿ ಎಣ್ಣೆ ಸುಣ್ಣದ ಹಾಗೆ ಬಿಳಿಯಾಗಿ ಗಟ್ಟಿಯಾಗಿತ್ತು. ಸೀಸೆ ಅಲ್ಲಾಡಿಸಿದಳು, ಬುಡ ಮೇಲು ಮಾಡಿದಳು, ಹನಿ ಬೀಳಲಿಲ್ಲ. ಮಾಮಾ ಅವಳ ಕೈಯಿಂದ ಸೀಸೆ ತೆಗೆದುಕೊಂಡು ಕಂಕುಳಲ್ಲಿ ಒತ್ತಿ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಒಂದು ಹನಿ ಕರಗಿತು. ಅದನ್ನು ತಲೆಗೆ ತಟ್ಟಿ ತೋರಿಸಿದರು. ಅವಳು ನಕ್ಕು ಸೀಸೆ ಬಿಟ್ಟಳು. ಆ ನಗುವಿಗೆ ನಾನೂ ನಕ್ಕಿದ್ದೆ.

ಡೆರೆಕ್ ಸಾಬನ ಶೆಡ್ಡು

ಅವನ ಊರು ನಗರದಿಂದ ಪಡುವಣಕ್ಕೆ, ಕಾರಿನಲ್ಲಿ ಅರ್ಧ ದಿನ. ಗುಡ್ಡ ಇಳಿದ ಮೇಲೆ ಮಾಮಾ ಕಿಟಕಿಗೆ ಮೂಗು ಒತ್ತಿದರು. "ಲೇ, ಎರಿ ಹೊಲ." ನಿಜ. ಲಿಂಗಸುಗೂರಿನ ಹಾಗೇ ಕರಿಮಣ್ಣು, ಬಿರುಕು ಬಿಟ್ಟದ್ದು, ಆಕಾಶದ ತನಕ. ಆದರೆ ಮನುಷ್ಯರಿಲ್ಲ. ನಮ್ಮಲ್ಲಾದರೆ ಅಷ್ಟು ಹೊಲಕ್ಕೆ ಒಂದು ಊರಿನ ಜನ ಬಗ್ಗಿರುತ್ತಿದ್ದರು.

ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಎಂಬತ್ತರ ಹತ್ತಿರದ ಮುದುಕನನ್ನು ಬರೀ ಡೆರೆಕ್ ಎನ್ನಲು ಮಾಮಾಗೆ ನಾಲಗೆ ಬರಲಿಲ್ಲ, ಡೆರೆಕ್ ಸಾಬ್ ಎಂದರು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಅಂಗಡಿಯವನಿಗೂ ತನ್ನನ್ನು ಹಾಗೇ ಪರಿಚಯಿಸಿಕೊಂಡ. ಅವನ ಇಂಗ್ಲಿಷನ್ನು ಮಾಮಾಗೆ ನಾನು ನಮ್ಮ ಮಾತಿನಲ್ಲಿ, ಅವನದೇ ದನಿಯಲ್ಲಿ ಹೇಳುತ್ತಿದ್ದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಶೆಡ್ಡಿನಲ್ಲಿ ರಾಕೆಟ್ಟು ಮಲಗಿತ್ತು. ಡೆರೆಕ್‌ಗಿಂತ ಉದ್ದ, ಬಿಳಿ ಮೈ, ಬುಡದಲ್ಲಿ ನಾವು ಕಳಿಸಿದ್ದ ನಾಲ್ಕು ರೆಕ್ಕೆ. ಆ ರೆಕ್ಕೆಗಳದೊಂದು ವಿಶೇಷವಿತ್ತು. "ಎಮರಿ ಪೇಪರ್ ಹಿಡಿಯಾಕ ನನ್ನ ಕೈ ನಿಲ್ಲವಲ್ದು. ಅಂಟಿಸೋ ಅಂಚು ಅಲ್ಲೇ ಉಜ್ಜಿ, ತಯಾರು ಮಾಡಿ ಕಳಸ್ರಿ," ಎಂದು ಅವನು ಕೇಳಿದ್ದ. ಮಾಮಾ ಒಂದು ಮಧ್ಯಾಹ್ನ ಪೂರ್ತಿ ಕೂತು, ಮಷೀನು ಮುಟ್ಟದೆ, ಕೈಯಿಂದಲೇ ಉಜ್ಜಿದ್ದರು.

"ಖಾಜಾ, ಇಂಥಾ ಕೆಲಸ ನಾ ನೋಡಿಲ್ಲ," ಎಂದು ಡೆರೆಕ್ ರೆಕ್ಕೆ ಸವರಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಇದು: "ಹೋದ ವರ್ಷ ಬೆಂಕಿ ಹತ್ತಿಸೋ ವೈರು ಸಿಗಿಸೋ ಮುಂದ ಎಲ್ಲಾರೂ ನನ್ನ ಕೈ ನೋಡಿದ್ರು. ಈ ಸಲ ತಪಾಸ ಮಾಡೋ ಜ್ಯಾನೆಟ್ ಎದುರಿಗೆ ದೊಡ್ಡದೊಂದು ಸರಿಯಾಗಿ ಹಾರಿಸಬೇಕು. ಇಲ್ಲಾಂದ್ರ ಕಾರ್ಡ್ ವಾಪಸ್ ಕೊಟ್ಟು, ಮುಂದಿನ ವರ್ಷದಿಂದ ಕುರ್ಚಿಮ್ಯಾಲ ಕುಂತು ನೋಡೂದು."

ಕಾರ್ಡು ಎಂದರೆ ಹಾರಿಸುವ ಪರವಾನಗಿ. ಅವನು ಅದನ್ನು ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ.

ಮಾಮಾ ನನ್ನನ್ನು ಪಕ್ಕಕ್ಕೆ ಕರೆದು, "ಲೇ, ಇವನ ಕೈ ನೀ ಇನ್ನ ಮ್ಯಾಲೆ ಮಾಡಿ ತೋರಿಸಿದಿ ಅಂದ್ರ ನಿನ್ನ ಕೈ ಲೇತಿಗೆ ಕೊಡ್ತೀನಿ," ಎಂದರು.

ಬಯಲು, ಶನಿವಾರ

ಆ ಜನರ ಒಂದು ಅಭ್ಯಾಸ ಹೇಳಬೇಕು. ಎಲ್ಲಿ ಹೋದರೂ ತಮ್ಮ ಕುರ್ಚಿ ತಾವೇ ಹೊತ್ತು ತರುತ್ತಾರೆ. ಮದುವೆ ಮನೆಯಲ್ಲಿ ಮುಂದಿನ ಸಾಲಿಗೆ ಕರ್ಚೀಫು ಎಸೆಯುವ ನಮಗೆ ಇದು ವಿಚಿತ್ರ. ಡೆರೆಕ್ ಮಾಮಾಗೆಂದು ಮಡಚುವ ನೀಲಿ ಕುರ್ಚಿಯೊಂದನ್ನು ತಂದಿದ್ದ. ಮಾಮಾ ಬೆಳಿಗ್ಗೆಯಿಂದ ಅದರಲ್ಲಿ ಕಾಲಮೇಲೆ ಕಾಲು ಹಾಕಿ, ಕಂಬಳಿ ಹೊದ್ದು, ನವಾಬನ ಹಾಗೆ ರೆಕ್ಕೆ ಮಾರಿದರು. ಮಂಜು ಕರಗುವ ಮೊದಲೇ ಪೊಟ್ಟಣಗಳು ಅರ್ಧ ಖಾಲಿಯಾದವು.

ಇನ್ನೊಂದು ಅಭ್ಯಾಸ. ಸಣ್ಣ ರಾಕೆಟ್ಟಿಗೆ ಕೂತಿರಬಹುದು, ದೊಡ್ಡದು ಹಾರುವಾಗ ಎಲ್ಲರೂ ಎದ್ದು ನಿಂತು ಮೇಲೆ ನೋಡಲೇಬೇಕು. ಜ್ಯಾನೆಟ್ ಎಂಬ ಹೆಂಗಸು ಅಲ್ಲಿಯ ಸುರಕ್ಷತೆ ನೋಡಿಕೊಳ್ಳುವವಳು. ನಮ್ಮ ಹೈಸ್ಕೂಲಿನ ಹೆಡ್‌ಮಿಸ್ಸಿನ ದನಿ, ಅದೇ ಕನ್ನಡಕ. ಮೈಕಿನಲ್ಲಿ ಒಮ್ಮೆ ಗದರಿದರೆ ಅಷ್ಟೂ ಜನ ಎದ್ದರು.

"ನಾ ಕುಂತ ನೋಡ್ತೀನಿ ಅನ್ನು," ಎಂದರು ಮಾಮಾ.

"ಏಳ್ರಿ ಮಾಮಾ, ಹೆಡ್‌ಮಿಸ್ಸು ನೋಡಾಕತ್ತಾಳ."

ಗೊಣಗುತ್ತ, ಕಂಬಳಿಯನ್ನು ಕುರ್ಚಿಯಲ್ಲೇ ಬಿಟ್ಟು ಎದ್ದರು. ಡೆರೆಕ್‌ನದು ಸರಿಯಾಗಿ ಕಾಣಲೆಂದು ಜನರಿಗೆ ಅಡ್ಡ ಕಟ್ಟಿದ್ದ ಹಗ್ಗದ ತನಕ ಮುಂದೆ ಹೋದರು, ನಾನು ಹಿಂದೆ.

ಡೆರೆಕ್ ಆ ಮೊದಲೇ ವೈರು ಸಿಗಿಸಿ ಬಂದಿದ್ದ. ಜ್ಯಾನೆಟ್ ಪಕ್ಕದಲ್ಲೇ ನಿಂತು ನೋಡಿದ್ದಳು. ಅವನ ಕೈ ನಡುಗಲಿಲ್ಲವೆಂದಲ್ಲ. ಒಂದು ಕೈಯ ಮಣಿಕಟ್ಟನ್ನು ಇನ್ನೊಂದರಿಂದ ಹಿಡಿದು, ನಡುಕ ನಿಂತ ಗಳಿಗೆ ನೋಡಿ, ಸಿಗಿಸಿದ್ದ. ಅವಳು ತಲೆಯಾಡಿಸಿದ್ದಳು.

ಎಣಿಕೆ ಮುಗಿಯಿತು. ಬೆಂಕಿ ಮೊದಲು ಬಂತು, ಸದ್ದು ಆಮೇಲೆ ಎದೆಗೆ ಬಂತು. ಬಿಳಿ ಗೆರೆ ನೆಟ್ಟಗೆ ಮೇಲೆ ಹೋಯಿತು. ಮಾಮಾ "ಯಾ ಅಲ್ಲಾ" ಎಂದದ್ದು ಕೇಳಿಸಿತು. ಆಮೇಲೆ ಬಟ್ಟೆ ಹರಿದಂಥ ಶಬ್ದ. ಗೆರೆ ಕೊಂಕಿತು. ರಾಕೆಟ್ಟು ತಲೆ ಅಡ್ಡ ಹಾಕಿ, ಬುಡದಲ್ಲಿ ಇನ್ನೂ ಬೆಂಕಿ ಉಗುಳುತ್ತ, ಗಾಳಿಯಲ್ಲೇ ಎರಡಾಯಿತು. ಜ್ಯಾನೆಟ್ ಮೈಕಿನಲ್ಲಿ ಕೂಗಿದಳು, ಮೇಲೆ ನೋಡಿ, ಮೇಲೆ ನೋಡಿ. ಎಲ್ಲರೂ ನೋಡುತ್ತಲೇ ಇದ್ದರು. ಮೂತಿಯ ಕಡೆಯ ತುಂಡು ನಮ್ಮ ತಲೆಯ ಮೇಲಿಂದ ಸುಂಯ್ಯೆಂದು ಹಿಂದಕ್ಕೆ ಹೋಯಿತು. ದಪ್ಪೆಂದಿತು.

ತಿರುಗಿ ನೋಡಿದರೆ ನೀಲಿ ಕುರ್ಚಿ ನಿಂತಲ್ಲೇ ನಿಂತಿತ್ತು. ಕೂರುವ ಬಟ್ಟೆಯ ನಡುವೆ ತೂತು. ತೂತಿನ ಕೆಳಗೆ ಎರೆಮಣ್ಣಿನಲ್ಲಿ ಮೊಳದಾಳಕ್ಕೆ ನೆಟ್ಟ ರಾಕೆಟ್ಟಿನ ಮೂತಿ. ಮಾಮಾನ ಕಂಬಳಿ ಅದಕ್ಕೇ ಸುತ್ತಿಕೊಂಡು ಮಣ್ಣಿನೊಳಗೆ ಹೋಗಿತ್ತು.

ಡೆರೆಕ್ ಓಡಲಾರದವನು ಓಡಿ ಬಂದು ಮಾಮಾನ ಎರಡೂ ಭುಜ ಹಿಡಿದುಕೊಂಡ.

ಸಂಜೆ ಜ್ಯಾನೆಟ್ ಸುಟ್ಟ ತುಂಡುಗಳನ್ನು ನೋಡಿ, "ಮೋಟಾರು ಸಿಡಿದಂಗ ಕಾಣತೈತಿ. ಮೋಟಾರು ಕಂಪನಿಯವರದು, ಅದು ನಿನ್ನ ಲೆಕ್ಕಕ್ಕ ಬರಂಗಿಲ್ಲ. ನಾಳೆ ನಿನ್ನ ಹಳೇದು ತಂದು ಹಾರಸು," ಎಂದಳು. ಡೆರೆಕ್ ಕಾರ್ಡನ್ನು ಅಂಗಿಯೊಳಗೆ ಸೇರಿಸಿಕೊಂಡ. ರೆಕ್ಕೆಗಳು ಎಲ್ಲೋ ದೂರ ಬಿದ್ದಿದ್ದವು. ಕತ್ತಲಾಯಿತೆಂದು ಹುಡುಕುವುದನ್ನು ಬೆಳಿಗ್ಗೆಗೆ ಬಿಟ್ಟರು.

ಬಯಲು, ಭಾನುವಾರ

ಬೆಳಕು ಹರಿಯುತ್ತಿದ್ದಂತೆ ನಾವಿಬ್ಬರೂ ಹುಡುಕಲು ಹೊರಟೆವು. ಹುಲ್ಲಿನ ಮೇಲೆ ಇಬ್ಬನಿ ಹರಳುಗಟ್ಟಿತ್ತು, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ನಾನು ಜ್ಯಾನೆಟ್ಟಳ ದನಿಯಲ್ಲಿ "ಮೇಲೆ ನೋಡಿ" ಎಂದೆ. ಮಾಮಾ ನಗಲಿಲ್ಲ.

ಮೊದಲ ರೆಕ್ಕೆ ಅವರಿಗೇ ಸಿಕ್ಕಿತು. ಮುರಿದಿರಲಿಲ್ಲ. ಒಂದು ಗೀರೂ ಇರಲಿಲ್ಲ. ಅಂಟಿಸುವ ಅಂಚು ಪೂರ್ತಿ ನುಣ್ಣಗಿತ್ತು, ಅಂಟಿನ ಒಂದು ಚೂರೂ ಉಳಿದಿರಲಿಲ್ಲ. ಕೆನೆಯಂಥ ಬಿಳಿಯ ಪೊರೆಯೊಂದು ಅಂಚಿನುದ್ದಕ್ಕೂ ಮೆತ್ತಿಕೊಂಡಿತ್ತು. ಮಾಮಾ ಉಗುರಿನಿಂದ ಅದನ್ನು ಕೆರೆದು ಬೆರಳುಗಳ ನಡುವೆ ತಿಕ್ಕಿದರು. ಕರಗಿತು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಆ ಬೆರಳನ್ನು ನನ್ನ ಮೂಗಿಗೂ ಹಿಡಿದರು.

ಮಸ್ಕಿಯಲ್ಲಿ ಬಸ್ಸು ಹತ್ತಿದಂತಾಯಿತು.

"ಉಜ್ಜಿದ ಮ್ಯಾಲೆ ಒರಸಿಬಿಟ್ಟೀನಲೇ," ಎಂದರು. "ಕೈ ತಾನಾಗೇ ಬಟ್ಟಿಗೆ ಹೋಗೇತಿ. ತಯಾರು ಮಾಡಿ ಕಳಸು ಅಂದಿದ್ದ. ತಯಾರಂದ್ರ ನನಗ ಎಣ್ಣಿ ಹಚ್ಚೂದ. ಎಣ್ಣಿ ಮ್ಯಾಲೆ ಅಂಟು ಎಲ್ಲಿ ಹಿಡೀತೈತಿ?"

ನನಗೆ ಹೊಳೆದದ್ದು ಬೇರೆ. "ಮಾಮಾ, ಕೋಟಿನ ಕಿಸೇದಾಗ ಹಾಕ್ರಿ ಅದನ್ನ. ಮೋಟಾರು ಸಿಡೀತು ಅಂತ ಅವರ ಅಂದಾರ. ಯಾರೂ ನೋಡಿಲ್ಲ."

"ನಿನ್ನಿ ನಮ್ಮ ಟೇಬಲ್ಲಿಂದ ಒಯ್ದವರು?"

"ಅವರೆಲ್ಲಾ ತೊಳದ ಅಂಟಸ್ತಾರ್ರಿ. ಇಷ್ಟ ವರ್ಷ ಹಂಗ ಮಾಡ್ಯಾರ."

"ಡೆರೆಕ್ ಸಾಬನೂ ಇಷ್ಟ ವರ್ಷ ತೊಳದಾನ."

"ಇದು ಗೊತ್ತಾದ್ರ ನಮ್ಮ ರೆಕ್ಕಿ ಯಾರೂ ಮುಟ್ಟಂಗಿಲ್ರೀ. ಅಂಗಡಿ ಮುಚ್ಚಬೇಕು."

"ಮುಚ್ಚಲಿ. ನಿನ್ನಿ ಕುರ್ಚಿಮ್ಯಾಲ ಕುಂತಿದ್ರ ನಾನೂ ಕಣ್ಣು ಮುಚ್ಚತಿದ್ದೆ."

ಟೆಂಟುಗಳ ಹತ್ತಿರ ಬಂದಾಗ ಒಬ್ಬ ಯುವಕ ಆಗಲೇ ನಮ್ಮ ಪೊಟ್ಟಣ ಬಿಚ್ಚಿ ಅಂಟು ಕಲಸುತ್ತಿದ್ದ. ಮಾಮಾ ಅವನ ಕೈ ಹಿಡಿದು ನಿಲ್ಲಿಸಿ, ಸೀದಾ ಜ್ಯಾನೆಟ್ ಹತ್ತಿರ ನಡೆದರು. "ಅವನ ಕೈ ನಡುಗಿ ಆಗಿದ್ದಲ್ಲ, ನನ್ನ ಕೈ ಗಲತಿ ಮಾಡೇತಿ ಅಂತ ಹೇಳು. ಸರಿಯಾಗಿ ಹೇಳು. ಡೆರೆಕ್ ಸಾಬನ ಮ್ಯಾಲೆ ಒಂದು ಮಾತು ಬರಬಾರದು."

ಸರಿಯಾಗಿ ಹೇಳಿದೆ. ಜನ ಸೇರಿದರು. ನನ್ನ ಇಂಗ್ಲಿಷಿನ ಮೇಲೆ ಮಾಮಾಗೆ ನಂಬಿಕೆ ಸಾಲದೆ, ರಾಕೆಟ್ಟಿನ ಬುಡದಲ್ಲಿ ಉಳಿದಿದ್ದ ಅಂಟನ್ನು ತೋರಿಸಿದರು. ರೆಕ್ಕೆ ಕೂತಿದ್ದ ಜಾಗದಲ್ಲಿ ಅದು ಗಾಜಿನ ಹಾಗೆ ನುಣುಪಾಗಿತ್ತು. ಮೇಜಿನ ಕೆಳಗಿನ ಚೀಲದಿಂದ ಎಣ್ಣೆ ಬಟ್ಟೆ ತೆಗೆದು, ಹೊಸ ರೆಕ್ಕೆಯೊಂದಕ್ಕೆ ಒರೆಸಿ, ಚಳಿಯಲ್ಲಿ ಅದು ಬಿಳಿಯಾಗುವವರೆಗೆ ಎಲ್ಲರ ಮುಂದೆ ಎತ್ತಿ ಹಿಡಿದು ನಿಂತರು. ಆಮೇಲೆ ತಮ್ಮ ಎದೆಯನ್ನು ತಟ್ಟಿಕೊಂಡರು.

ಜ್ಯಾನೆಟ್ ಮಾಮಾನನ್ನು ಬಿಟ್ಟು ಡೆರೆಕ್ ಕಡೆ ತಿರುಗಿದಳು.

"ಅಂಟಸೋ ಮುಂಚೆ ನೀ ತೊಳದ್ಯಾ?"

"ಇಲ್ಲ. ತಯಾರು ಮಾಡಿ ಕಳಸ್ರಿ ಅಂದಿದ್ದೆ."

"ಕೈಯಾಡಿಸಿ ನೋಡಿದ್ಯಾ?"

"ಬಿಳೇದು ಏನೋ ಇತ್ತು. ಉಜ್ಜಿದ ಧೂಳು ಅನ್ಕೊಂಡೆ."

"ಸಾಮಾನು ಯಾರರ ಮಾಡಲಿ, ಹಾರಸಾಂವ ನೋಡಬೇಕು. ಅದಕ್ಕ ನಾವೆಲ್ಲಾ ಇದರ ಕೆಳಗ ಧೈರ್ಯಲೆ ನಿಂದರತೀವಿ. ಮೋಟಾರು ಸಿಡಿದಿದ್ರ ಅದು ನಸೀಬು. ಇದು ನಸೀಬು ಅಲ್ಲ, ಡೆರೆಕ್."

ಅವಳು ಕೈ ಚಾಚಿದಳು. ಬೈಯಲಿಲ್ಲ, ಅವಳ ಕಣ್ಣೂ ಒದ್ದೆಯಾಗಿತ್ತು. ಡೆರೆಕ್ ಅಂಗಿಯೊಳಗಿಂದ ಕಾರ್ಡು ತೆಗೆದ. ದಾರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಯಾರೂ ಸಹಾಯಕ್ಕೆ ಹೋಗಲಿಲ್ಲ.

ಮಾಮಾಗೆ ಏನಾಗುತ್ತಿದೆಯೆಂದು ಆಗ ತಿಳಿಯಿತು. "ಏ, ಗಲತಿ ನಂದು. ನನ್ನ ಕಾರ್ಡ್ ಕಸ್ಕೋ ಅನ್ನು."

"ಮಾಮಾ, ನಿಮ್ಮ ಹತ್ರ ಕಾರ್ಡ್ ಇಲ್ರೀ."

"ನಾನ ಹೇಳೀನಿ, ನನ್ನ ಮಾತು ತಗೊಂಡು ಅವನ ಕೊರಳಿಗೆ ಯಾಕ ಕೈ ಹಾಕ್ತಾಳಲೇ?"

ಇದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಜ್ಯಾನೆಟ್ ತಲೆ ಅಡ್ಡಡ್ಡ ಆಡಿಸಿದಳು. ಅಷ್ಟು ಹೊತ್ತಿಗೆ ಡೆರೆಕ್ ನನ್ನ ಹತ್ತಿರ ಬಂದು, ಮಾಮಾನನ್ನು ನೋಡದೆ ಹೇಳಿದ: "ಅವಂಗ ಹೇಳು. ಮುಂಚೆ ನನ್ನ ಹತ್ರ ಬರಬೇಕಾಗಿತ್ತು. ನನ್ನ ರೆಕ್ಕಿ, ನನಗ ತೋರಸಬೇಕಾಗಿತ್ತು. ನಾನ ಹೋಗಿ ಹೇಳತಿದ್ದೆ."

ಅಭ್ಯಾಸಬಲ, ಅವನದೇ ದನಿಯಲ್ಲಿ ಹೇಳಿಬಿಟ್ಟೆ. ಮಾಮಾ ಅದನ್ನು ಎರಡು ಸಲ ಕೇಳಬೇಕಾಯಿತು, ಅವನ ಬಾಯಲ್ಲೊಮ್ಮೆ, ನನ್ನ ಬಾಯಲ್ಲೊಮ್ಮೆ.

ಆ ದಿನವೆಲ್ಲ ಜನ ಒಬ್ಬೊಬ್ಬರಾಗಿ ಬಂದು ಪೊಟ್ಟಣಗಳನ್ನು ನಮ್ಮ ಟೇಬಲ್ಲಿನ ಮೇಲೆ ಇಟ್ಟು ಹೋದರು. ಒಬ್ಬಳು ಜೊತೆಗೆ ಎರಡು ಲೋಟ ಚಹಾ ಇಟ್ಟಳು. ನಮ್ಮ ಸಿಂಧನೂರಿನಲ್ಲಾಗಿದ್ದರೆ ಟೇಬಲ್ ಬೋರಲು ಬೀಳುತ್ತಿತ್ತು, ಬೈಗುಳ ಮುಗಿದ ಮೇಲೆ ಮನಸ್ಸು ಹಗುರಾಗುತ್ತಿತ್ತು. ಅಲ್ಲಿಯವರು ಬೈಯಲಿಲ್ಲ. ಬೈಗುಳಕ್ಕೆ ಕಾದು ಕಾದು ಸಂಜೆಯಾಯಿತು.

ನಮ್ಮನ್ನು ವಿಮಾನಕ್ಕೆ ಬಿಡುತ್ತೇನೆಂದು ಡೆರೆಕ್ ಮೊದಲೇ ಹೇಳಿದ್ದ, ಅದಕ್ಕೆ ಬಿಟ್ಟ. ಅರ್ಧ ದಿನದ ದಾರಿಯಲ್ಲಿ ರೇಡಿಯೋ ಮಾತ್ರ ಮಾತಾಡಿತು. ಮಾಮಾ ಬೇಡವೆಂದರೂ ಚೀಲಗಳನ್ನು ತಾನೇ ಇಳಿಸಿದ. ಮಾಮಾ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ಎಳೆದುಕೊಳ್ಳಲಿಲ್ಲ, ಒತ್ತಲೂ ಇಲ್ಲ. "ಹುಷಾರಾಗಿ ಹೋಗ್ರಿ," ಎಂದ. ಅಷ್ಟೆ.

ಸಿಂಧನೂರಿನ ದಾರಿ

ಈಗ ಮಷೀನಿನಲ್ಲಿ ಬಾಗಿಲಿನ ಜಾಲರಿ ಕೊರೆಯುತ್ತೇವೆ, ಮನೆಗಳ ನೇಮ್‌ಪ್ಲೇಟು ಕೊರೆಯುತ್ತೇವೆ. ರೆಕ್ಕೆ ಕೇಳಿ ಯಾರೂ ಬರೆದಿಲ್ಲ. ಡೆರೆಕ್‌ಗೆ ನಾನು ಕಳಿಸಿದ ಮೆಸೇಜಿಗೆ ಉತ್ತರ ಬಂದಿಲ್ಲ. ಚಹಾದಂಗಡಿಯಲ್ಲಿ "ಲೇ, ಆಸ್ಟ್ರೇಲಿಯಾ ಮಾಡು" ಎನ್ನುತ್ತಾರೆ. ಬೀಜಕ್ಕೆ ಹೆದರುವ ಅಧಿಕಾರಿಣಿಯನ್ನು ಮಾಡುತ್ತೇನೆ, ಹೆಡ್‌ಮಿಸ್ಸನ್ನು ಮಾಡುತ್ತೇನೆ, ಅವಳೆದುರು ತೊದಲುವ ನನ್ನನ್ನೂ ಮಾಡುತ್ತೇನೆ. ನಗುತ್ತಾರೆ.

ಬೆಳಿಗ್ಗೆ ಬಸ್ಸಿನಲ್ಲಿ ಸೀಟಿಗೆ ಟವೆಲ್ ಇನ್ನೂ ಇರುತ್ತದೆ. ವಾಸನೆ ಇಲ್ಲ. ಮಾಮಾ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದಾರೆ. ಒಣಗಿದ ಬಿಳಿ ಕೂದಲು ಕಿಟಕಿಯ ಗಾಳಿಗೆ ಎದ್ದು ನಿಂತು, ಗುರುತು ಸಿಗದ ಯಾರದೋ ಮುಖ ಮಾಡಿಕೊಡುತ್ತದೆ.

ಮೊನ್ನೆ ಮಸ್ಕಿ ದಾಟಿದ ಮೇಲೆ, ಕಾಲುವೆಯ ಭತ್ತ ಶುರುವಾಗುವ ಹೊತ್ತಿಗೆ, ಹೊರಗೆ ನೋಡುತ್ತಲೇ ಕೇಳಿದರು.

"ಲೇ ಶರಣ್ಯಾ. ಡೆರೆಕ್ ಸಾಬನ ದನಿ ತೆಗೀತೀಯೇನು?"

"ಬ್ಯಾಡ ಅಂದಿದ್ರಲ್ರೀ."

"ಒಮ್ಮೆ ತೆಗಿ. ಕೈ ಬ್ಯಾಡ, ದನಿ ಅಷ್ಟ. ಹೋಗ್ಲಿ ಬಿಡು ಖಾಜಾ, ಆಗಿದ್ದು ಆಗೇತಿ ಅಂತ ಅನ್ನು."

ಗಂಟಲು ಸರಿಮಾಡಿಕೊಂಡೆ. ಖಾಜಾ ಎನ್ನುವಾಗ ಅವನು ಎಳೆಯುವ ಎಳೆತ, ಮಾತಿನ ಕೊನೆಗೆ ಉಸಿರು ಸಾಲದೆ ತಗ್ಗುವ ದನಿ, ಎಲ್ಲ ಬಂತು. ಇಷ್ಟು ಚೆನ್ನಾಗಿ ನಾನು ಯಾರ ದನಿಯನ್ನೂ ತೆಗೆದಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮಾಮಾ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ದನಿ ಬರೋಬರಿ ಐತಿ," ಎಂದರು. "ಅಂವ ಹಂಗ ಅನ್ನಂಗಿಲ್ಲ."